ಅಂಬಾಜಿದುರ್ಗದ ನೆರಳಿನ ಬೀದಿಗಳಲ್ಲಿ

ಊರು ಬಿಟ್ಟು ನಗರ ಸೇರಿದವರಿಗೆ ಊರಿನ ನೆನಪು ಬಲು ಮಧುರ. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ಚಿಂತಾಮಣಿ, ಶಿಡ್ಲಘಟ್ಟಗಳ ಮಾತೆತ್ತಿದರೆ ಸಾಕು. ಪುಟ್ಟ ರೈಲು, ಸಂತೆಯ ಕಡ್ಲೆಪುರಿ, ಹಿಪ್ಪುನೇರಳೆ ತೋಟಗಳ ಹಸಿರು ಒಂದೊಂದಾಗಿ ಕಣ್ಮುಂದೆ ಬಂದು ನಿಲ್ಲುತ್ತವೆ. ಆದರೆ ನೆನಪಿನಲ್ಲಿರುವ ಊರಿಗೆ ಅವಸರವೆಂಬುದಿಲ್ಲ. ಅಲ್ಲಿ ಬದುಕುತ್ತಿರುವವರಿಗೋ ಹೊತ್ತು ಮೂಡಿದರೆ ಅವಸರವೇ. ಈ ಅಂತರವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲದಿಂದ ನಾವು ಕೆಲವರು ಅವರೆಕಾಯಿಯ ಕಾಲದಲ್ಲಿ ಒಂದು ದಿನ ಅಂಬಾಜಿದುರ್ಗದ ಸೀಮೆಗೆ ಹೋಗಿಬಂದೆವು.

ಚಿಂತಾಮಣಿ ತಾಲ್ಲೂಕಿನ ಬಯಲಿನ ನಡುವೆ ಸುಮಾರು 4,400 ಅಡಿ ಎತ್ತರದಲ್ಲಿ ತಲೆಯೆತ್ತಿ ನಿಂತಿರುವ ಬಂಡೆಯ ಬೆಟ್ಟವೇ ಅಂಬಾಜಿದುರ್ಗ. ಟಿಪ್ಪು ಸುಲ್ತಾನನು ಇದನ್ನು ಕೋಟೆಯಾಗಿ ಬಲಪಡಿಸಿದನು. ಸಮೀಪದಲ್ಲೇ ರೆಹಮಾನ್‌ಗಡದ ಬೆಟ್ಟವಿದೆ. ಚಿಂತಾಮಣಿಯ ಹೆಸರು ಅದನ್ನು ಕಟ್ಟಿದ ಮರಾಠಾ ನಾಯಕ ಚಿಂತಾಮಣಿರಾಯನಿಂದ ಬಂದುದು. ಬಹುಕಾಲ ಕೋಲಾರ ಜಿಲ್ಲೆಗೆ ಸೇರಿದ್ದ ಈ ಸೀಮೆ 2007ರಲ್ಲಿ ಹೊಸದಾಗಿ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಹಿರಿಯರು ನೆನೆಯುವ ಪುಟ್ಟ ರೈಲು 1910ರ ದಶಕದಲ್ಲಿ ಹಾಕಿದ ಕಿರಿದಾದ ಹಳಿಗಳ ಮೇಲೆ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಒಂದು ದಾರದಲ್ಲಿ ಪೋಣಿಸಿತ್ತು. ಆ ಹಳಿಗಳು ಈಗಿಲ್ಲ. 2013ರಲ್ಲಿ ಅದೇ ದಾರಿಯಲ್ಲಿ ಬ್ರಾಡ್‌ಗೇಜ್ ರೈಲು ಸಂಚಾರ ಆರಂಭವಾಯಿತು.

ನಾವು ಚಿಂತಾಮಣಿಯಲ್ಲಿ ಇಳಿದಾಗ ಇನ್ನೂ ಮಂಜು ಕರಗಿರಲಿಲ್ಲ. ಬಸ್ ನಿಲ್ದಾಣದ ಸುತ್ತ ಊರು ಆಗಲೇ ಎಚ್ಚೆತ್ತಿತ್ತು. ಒಂದೆಡೆ ಇಡ್ಲಿಯ ಹಬೆ, ಇನ್ನೊಂದೆಡೆ ಮೊಳದ ಲೆಕ್ಕದಲ್ಲಿ ಸೇವಂತಿಗೆ ಮಾರುವ ಹೆಂಗಸರ ಕೂಗು. ಕನ್ನಡದಲ್ಲಿ ಆರಂಭವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುವುದು, ತೆಲುಗಿನ ಪ್ರಶ್ನೆಗೆ ಕನ್ನಡದ ಉತ್ತರ ಬರುವುದು ಈ ಗಡಿಸೀಮೆಯ ಸಹಜ ಸೊಗಸು. ತರಕಾರಿ ಮಾರುಕಟ್ಟೆಯಲ್ಲಿ ಟೊಮೆಟೊ ತುಂಬಿದ ಪೆಟ್ಟಿಗೆಗಳು ಆಳೆತ್ತರ ಏರಿದ್ದವು. ಹೊರಗಿನ ಬೀದಿಯಂಚಿನಲ್ಲಿ ಅಜ್ಜಿಯೊಬ್ಬರು ಅವರೆಕಾಳನ್ನು ನೀರಿನಲ್ಲಿ ನೆನೆಹಾಕಿ, ಬೆರಳ ತುದಿಯಿಂದ ಒಂದೊಂದಾಗಿ ಹಿತುಕುತ್ತ ಕುಳಿತಿದ್ದರು. ಬೆಲೆಯನ್ನು ತುಸು ಇಳಿಸಿ ಕೊಡಬಾರದೇ ಎಂದು ನಮ್ಮಲ್ಲೊಬ್ಬರು ಕೇಳಿದಾಗ ಅವರು ತಲೆಯೆತ್ತದೆಯೇ ಹೇಳಿದರು: “ಸಂಜೆಗೆ ನಾನೇ ಇಳಿಸ್ತೀನಿ ಸ್ವಾಮಿ. ಇದು ನಾಳೆ ತನಕ ಇರಲ್ಲ, ಹುಳಿ ಬಂದ್‌ಬಿಡುತ್ತೆ.”

ಆ ಮಾತಿನ ಪೂರ್ಣ ಅರ್ಥ ನಮಗೆ ತಿಳಿದದ್ದು ಶಿಡ್ಲಘಟ್ಟದಲ್ಲಿ. ಚಿಂತಾಮಣಿಯಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಸಾಗಿದಂತೆ ದಾರಿಯ ಇಕ್ಕೆಲಗಳಲ್ಲಿ ಹಿಪ್ಪುನೇರಳೆ ತೋಟಗಳು, ಹುಳು ಸಾಕುವ ಮನೆಗಳು, ಬಿಸಿಲಿಗೆ ಒರಗಿಸಿಟ್ಟ ಬಿದಿರಿನ ಚಂದ್ರಿಕೆಗಳು ಕಾಣಿಸತೊಡಗುತ್ತವೆ. ಊರಿನ ನಡುವೆ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ. ನಾಡಿನ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ರಾಮನಗರದ ಜೊತೆಗೆ ಇದರ ಹೆಸರು ಬರುತ್ತದೆ. ಸುತ್ತಣ ಹಳ್ಳಿಗಳ ರೈತರು ತಂದ ಗೂಡುಗಳು ಜಾಲರಿಗಳಲ್ಲಿ ಹಳದಿ, ಬಿಳಿ ರಾಶಿಗಳಾಗಿ ಹರಡಿರುತ್ತವೆ. ನೂಲು ಬಿಚ್ಚಾಣಿಕೆದಾರರು ರಾಶಿಯಿಂದ ಹಿಡಿಗೂಡನ್ನು ಎತ್ತಿ, ಕಿವಿಯ ಬಳಿ ಅಲುಗಿಸಿ, ಬೆರಳಿನಿಂದ ಒತ್ತಿ ಗುಣ ನೋಡುತ್ತಾರೆ. ಹಿಂದೆ ಕೂಗಿನ ಹರಾಜು ನಡೆಯುತ್ತಿದ್ದ ಅಂಗಳದಲ್ಲಿ ಇಂದು ಮೊಬೈಲ್ ಫೋನುಗಳಲ್ಲೇ ಬೆಲೆ ಏರುತ್ತದೆ.

ಗೂಡು ಏಕೆ ಕಾಯಲಾರದು ಎಂಬುದನ್ನು ಬಲ್ಲವರೊಬ್ಬರು ನಮಗೆ ವಿವರಿಸಿದರು. ಹುಳು ಚಂದ್ರಿಕೆಗೆ ಏರಿ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಐದಾರು ದಿನಗಳಿಗೆ ರೈತ ಗೂಡು ಬಿಡಿಸುತ್ತಾನೆ. ಹತ್ತು ಹನ್ನೆರಡು ದಿನ ಕಳೆದರೆ ಒಳಗಿನ ಜೀವ ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಡೆಬಿಡದ ಎಳೆಯನ್ನು ತೆಗೆಯಲಾಗದು. ಹೀಗೆ ಒಂದು ತಿಂಗಳ ಹಗಲಿರುಳಿನ ದುಡಿಮೆಗೆ ಬೆಲೆ ಸಿಗಬೇಕಾದುದು ಬೆರಳೆಣಿಕೆಯ ದಿನಗಳಲ್ಲಿ. “ಇಂದು ಬೇಡ, ನಾಳೆ ನೋಡೋಣ” ಎನ್ನುವ ಸ್ವಾತಂತ್ರ್ಯ ಕೊಳ್ಳುವವನಿಗೆ ಇದೆ, ಮಾರುವವನಿಗೆ ಇಲ್ಲ. ಗೂಡು, ಟೊಮೆಟೊ, ಹಿತುಕಿದ ಅವರೆ, ಹೂವು ಎಲ್ಲಕ್ಕೂ ಇದೇ ಕಷ್ಟ. 1959ರ ಕಾಯ್ದೆಯು ರೇಷ್ಮೆಮೊಟ್ಟೆ, ಗೂಡು, ನೂಲುಗಳ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಿತು. ಬಹಿರಂಗ ಹರಾಜು, ಸರಿಯಾದ ತೂಕ ಎಂಬ ವ್ಯವಸ್ಥೆಯ ಹಿರಿಮೆ ಈ ಹಿನ್ನೆಲೆಯಲ್ಲಿಯೇ ತಿಳಿಯುತ್ತದೆ.

ಮಾರುಕಟ್ಟೆಯಿಂದ ಹೊರಟ ಗೂಡನ್ನು ಹಿಂಬಾಲಿಸಿದರೆ ಊರಿನ ಓಣಿಗಳು ಎದುರಾಗುತ್ತವೆ. ಇಲ್ಲಿ ಬಿಚ್ಚಾಣಿಕೆಯನ್ನು ಕೈಗೊಂಡವರಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಕುದಿನೀರಿನ ಬಾನಿಯ ಮುಂದೆ ಕುಳಿತವರು ಆವಿಯ ನಡುವೆ ಕೈಯಾಡಿಸಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳನ್ನು ಹಿಡಿದು, ಹಲವನ್ನು ಕೂಡಿಸಿ ರಾಟೆಗೆ ಸುತ್ತುತ್ತಾರೆ. ಬೇಯಿಸಿದ ಹುಳುವಿನ ತೀಕ್ಷ್ಣ ವಾಸನೆ ಓಣಿಯನ್ನೆಲ್ಲ ತುಂಬಿರುತ್ತದೆ. ಬಿಸಿನೀರಿನಲ್ಲಿ ಸುಕ್ಕಾದ ಆ ಬೆರಳುಗಳನ್ನು ಕಂಡಾಗ, ನಮ್ಮ ಮನೆಗಳ ಮದುವೆಯ ಪೆಟ್ಟಿಗೆಯಲ್ಲಿರುವ ರೇಷ್ಮೆ ಸೀರೆಯ ಮೊದಲ ಒಡೆಯರು ಇವರೇ ಎನ್ನಿಸಿತು. ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುಗಳನ್ನು ತರಿಸಿ ಮೈಸೂರು ರಾಜ್ಯದಲ್ಲಿ ರೇಷ್ಮೆ ಕೃಷಿಗೆ ಉತ್ತೇಜನ ಕೊಟ್ಟನು. ಬೆಟ್ಟದ ಮೇಲಿನ ಅವನ ಕೋಟೆ ಇಂದು ಪಾಳುಬಿದ್ದಿದೆ. ಈ ಸಣ್ಣ ಎಳೆಯಾದರೋ ಇನ್ನೂ ಊರನ್ನು ಸಾಕುತ್ತಿದೆ. ಅದಕ್ಕೂ ಬಹು ಹಿಂದೆ, ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಮನಸ್ಸಿನ ಬಂಧನಕ್ಕೆ ತೆರಣಿಯ ಹುಳುವನ್ನು ಉಪಮೆಯಾಗಿ ತಂದದ್ದನ್ನು ನಮ್ಮ ಓದುಗರು ಬಲ್ಲರು. ಓಣಿಯಲ್ಲಿ ನಿಂತಾಗ ಆ ಉಪಮೆ ಹೊಸದಾಗಿ ಕಂಡಿತು.

ಹಿಂದಿರುಗುವಾಗ ಚಿಂತಾಮಣಿಯ ಸಮೀಪದ ಕೈವಾರಕ್ಕೆ ಹೋದೆವು. ಕೈವಾರ ತಾತಯ್ಯನವರೆಂದು ಜನ ಪೂಜಿಸುವ ಯೋಗಿ ನಾರೇಯಣರು ಬಳೆ ಮಾರುತ್ತಿದ್ದವರು. ಕನ್ನಡ, ತೆಲುಗು ಎರಡರಲ್ಲೂ ತತ್ತ್ವಪದಗಳನ್ನು ರಚಿಸಿದ ಅವರು ಮಲಾರ ಹೊತ್ತು ಬೀದಿಬೀದಿ ಸುತ್ತಿದವರು. ಕಾಯಕದ ಬೆಲೆಯನ್ನು ಶರಣರಿಂದ ಕಲಿತ ನಮಗೆ ಈ ಸಂತನ ಬಳೆಯ ಮಲಾರ ಬಹಳ ಹತ್ತಿರದ್ದೆನಿಸಿತು. ಸಂಜೆ ಅಂಬಾಜಿದುರ್ಗದ ಬೆಟ್ಟಸಾಲಿನ ಕೈಲಾಸಗಿರಿಯಲ್ಲಿ, ಬಂಡೆಯನ್ನು ಕೊರೆದು ಮಾಡಿದ ಗುಹಾಲಯದ ತಂಪಿನಲ್ಲಿ ಚತುರ್ಮುಖ ಲಿಂಗದ ದರ್ಶನ ಪಡೆದೆವು.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಗೂ ನಗರದ ಗಾಳಿ ಬೀಸಿದೆ. ಹೊಲಗಳಲ್ಲಿ ನಿವೇಶನದ ಕಲ್ಲುಗಳು ನಿಂತಿವೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳಿವೆ. ಬಿಚ್ಚಾಣಿಕೆಯ ಮನೆಗಳ ಮಕ್ಕಳಿಗೆ ಬಾನಿಯ ಮುಂದೆ ಕೂರುವ ಮನಸ್ಸಿಲ್ಲ. ಅದು ತಪ್ಪೆಂದು ಹೇಳುವ ಅಧಿಕಾರ ಊರು ಬಿಟ್ಟು ಬಂದ ನಮಗಂತೂ ಇಲ್ಲ. ಹಳೆಯದೆಲ್ಲ ಹಾಗೆಯೇ ಉಳಿಯಲಿ ಎಂದು ದೂರದಲ್ಲಿ ಕುಳಿತು ಹಾರೈಸುವುದು ಸುಲಭ. ಆ ಹಳೆಯದನ್ನು ಉಳಿಸಿಕೊಂಡು ಬರುವವರ ಬೆನ್ನು ನೋಯುತ್ತದೆ ಎಂಬುದನ್ನು ಮರೆಯಬಾರದು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಬೆಂಗಳೂರಿನಿಂದ ಎರಡು ಮೂರು ಗಂಟೆಗಳ ದಾರಿ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಬೆಟ್ಟ, ಗುಹೆ, ಗುಡಿಗಳನ್ನು ತೋರಿಸಿ. ಅದರೊಡನೆ ಗೂಡಿನ ಮಾರುಕಟ್ಟೆಯನ್ನೂ, ಬಿಚ್ಚಾಣಿಕೆಯ ಓಣಿಯನ್ನೂ, ಬೀದಿಯಂಚಿನ ಬುಟ್ಟಿಗಳನ್ನೂ ತೋರಿಸಿ. ಅಂಬಾಜಿದುರ್ಗ ಇನ್ನೂ ಸಾವಿರ ವರ್ಷ ಕಾಯಬಲ್ಲದು. ಬುಟ್ಟಿಯ ಮುಂದೆ ಕುಳಿತ ಅಜ್ಜಿ ಸಂಜೆಯವರೆಗೆ ಮಾತ್ರ ಕಾಯಬಲ್ಲಳು. ಅವಳು ಹೇಳಿದ ಬೆಲೆಯನ್ನು ಬೆಳಗಿನ ಹೊತ್ತೇ, ಚೌಕಾಸಿಯಿಲ್ಲದೆ ಕೊಟ್ಟು ಕೊಂಡರೆ, ಊರಿನ ಋಣದಲ್ಲಿ ಒಂದು ಪಾವಿನಷ್ಟಾದರೂ ತೀರಿದಂತಾಗುತ್ತದೆ.