ಕಚ್ಚಿದ್ದೇ ಗೊತ್ತಾಗದ ಕಟ್ಟುಹಾವು

ಹಗಲು ಹೊತ್ತು ಹೊಲದ ಬದುವಿನಲ್ಲಿ ಕಟ್ಟುಹಾವು ಸಿಕ್ಕರೆ ದೂರದಿಂದ ನೋಡಿ. ನಾಗರದಂತೆ ಹೆಡೆ ಎತ್ತುವುದಿಲ್ಲ, ಕೊಳಕುಮಂಡಲದಂತೆ ಬುಸುಗುಡುವುದಿಲ್ಲ. ಸುರುಳಿ ಸುತ್ತಿ, ತಲೆಯನ್ನು ಮೈಯಡಿಗೆ ತೂರಿಸಿ ಸುಮ್ಮನೆ ಬಿದ್ದಿರುತ್ತದೆ. ಹುಡುಗರಾಗಿದ್ದಾಗ ನಾವು ಕಡ್ಡಿಯಿಂದ ತಿವಿದು ಆಟ ಆಡಿದ್ದುಂಟು. 'ಪಾಪದ್ದು, ಬಿಡ್ರೋ' ಅಂತ ಹಿರೀಕರು ಬಿಡಿಸುತ್ತಿದ್ದರು. ಆ ಪಾಪದ ಹಾವೇ 1996ರಲ್ಲಿ ನನ್ನ ತಮ್ಮನ ಜೀವ ತೆಗೆಯಿತು.

ಆ ವರ್ಷ ಶೇಂಗಾ ಕಿತ್ತು ಹೊಲದಲ್ಲೇ ಗುಡ್ಡೆ ಹಾಕಿದ್ದೆವು. ಹಂದಿ ಕಾಟ. ಇಬ್ಬರೂ ನೆಲಕ್ಕೆ ಗೋಣಿತಾಟು ಹಾಸಿ ಕಾವಲು ಮಲಗಿದೆವು. ನಡುರಾತ್ರಿ ಮೀರಿದ ಮೇಲೆ ತಮ್ಮ ಎದ್ದು ಹೊಟ್ಟೆನೋವು ಅಂದ. ವಾಂತಿ ಆಯಿತು. ಸಂಜೆ ಹಸಿ ಶೇಂಗಾ ಜಾಸ್ತಿ ತಿಂದಿದ್ದ, ಅಜೀರ್ಣ ಇರಬೇಕು ಅಂತ ಓಂಕಾಳು ಕೊಟ್ಟೆ. ಬೆಳಗಿನ ಜಾವ ಗಂಟಲು ಹಿಡಿದಿದೆ ಅಂದ. ಮಾತು ತೊದಲಿತು, ಕಣ್ಣಿನ ರೆಪ್ಪೆ ಮೇಲೇಳಲಿಲ್ಲ. ನಿದ್ದೆಗಣ್ಣು ಅಂದುಕೊಂಡೆ. ಗಾಡಿ ಕಟ್ಟಿ ಊರು ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ಆಮೇಲೆ ಗೋಣಿತಾಟು ಕೊಡವಿದರೆ ಹಾವು ಅದರ ಮಡಿಕೆಯೊಳಗಿತ್ತು. ಮೈಯೆಲ್ಲಾ ಹುಡುಕಿದೆವು, ಬಾವಿಲ್ಲ, ರಕ್ತವಿಲ್ಲ.

ಹೀಗೇಕೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ. ಇದರ ವಿಷದ ಹಲ್ಲು ಬಹಳ ಸಣ್ಣದು. ಕಚ್ಚಿದರೆ ಎಚ್ಚರವೇ ಆಗದಿರಬಹುದು. ಕೊಳಕುಮಂಡಲದ ವಿಷ ರಕ್ತ ಕೆಡಿಸಿ ಬಾವು ಬರಿಸುತ್ತದೆ. ಇದರ ವಿಷ ಹಾಗಲ್ಲ, ನರದಿಂದ ಮಾಂಸಖಂಡಕ್ಕೆ ಹೋಗುವ ಅಪ್ಪಣೆಯನ್ನೇ ತಡೆಯುತ್ತದೆ. ಮೊದಲು ರೆಪ್ಪೆ, ಆಮೇಲೆ ನುಂಗುವುದು, ಮಾತು, ಕೊನೆಗೆ ಉಸಿರಾಟ ನಿಲ್ಲುತ್ತದೆ. ಹಗಲು ಮಂಕಾದ ಈ ಹಾವು ರಾತ್ರಿ ಚುರುಕು. ಕಾಳಿಗೆ ಇಲಿ ಬರುತ್ತದೆ. ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕಿಕೊಂಡು ಇದು ಬರುತ್ತದೆ. ಮಲಗಿದವರು ಮಗ್ಗುಲು ಬದಲಿಸಿದಾಗ ಕಚ್ಚುತ್ತದೆ.

ಕರಿ ಮೈಮೇಲೆ ತೆಳ್ಳನೆ ಬಿಳಿ ಪಟ್ಟೆ, ಹೆಚ್ಚಾಗಿ ಜೋಡಿ ಜೋಡಿ. ದೊಡ್ಡ ಹಾವಿಗೆ ಕತ್ತಿನ ಕಡೆ ಪಟ್ಟೆ ಮಾಸಿರುತ್ತದೆ. ವಿಷವಿಲ್ಲದ ತೋಳಹಾವಿಗೆ ಪಟ್ಟೆ ಕತ್ತಿನ ಕಡೆಯೇ ಎದ್ದು ಕಾಣುತ್ತದೆ. ಮರಿಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ಆದ್ದರಿಂದ ಗುರುತು ಹಿಡಿಯಲು ಹತ್ತಿರ ಹೋಗಲೇಬೇಡಿ.

ನಮ್ಮ ಮನೆಯಲ್ಲಿ ಈಗ ಯಾರೂ ನೆಲದ ಮೇಲೆ ಮಲಗುವುದಿಲ್ಲ. ಕಾವಲಿಗೂ ಮಂಚ ಒಯ್ಯುತ್ತೇವೆ. ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸುತ್ತೇವೆ. ಬ್ಯಾಟರಿ ಇಲ್ಲದೆ ಕತ್ತಲಲ್ಲಿ ಕಾಲಿಡುವುದಿಲ್ಲ.

ನೆಲದಲ್ಲಿ ಮಲಗಿದವರಿಗೆ ರಾತ್ರಿ ಕಾರಣವಿಲ್ಲದೆ ಹೊಟ್ಟೆನೋವು, ವಾಂತಿ ಬಂದರೆ, ರೆಪ್ಪೆ ಜೋತರೆ, ಗಾಯ ಹುಡುಕುತ್ತಾ ಕೂರಬೇಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈ ಕಾಲು ಅಲುಗಾಡದಂತೆ ನೋಡಿಕೊಂಡು ಆಸ್ಪತ್ರೆಗೆ ಒಯ್ಯಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಪ್ರತಿವಿಷ ಒಂದೇ. ಹಾವನ್ನು ಹಿಡಿದು ತರಬೇಕಿಲ್ಲ. ಕಟ್ಟುಹಾವಿನ ಕಡಿತಕ್ಕೆ ಉಸಿರಾಟದ ಯಂತ್ರವೂ ಬೇಕಾಗಬಹುದು. ಅದು ಹತ್ತಿರ ಎಲ್ಲಿದೆ ಅಂತ ಸುಗ್ಗಿಗೆ ಮೊದಲೇ ವಿಚಾರಿಸಿಡಿ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು ಎಂದು ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಲ್ಲಿ ಆದೇಶವಾಗಿದೆ.

ಈಗಲೂ ಬದುವಿನಲ್ಲಿ ಕಟ್ಟುಹಾವು ಕಾಣುತ್ತದೆ. ಕೊಲ್ಲುವುದಿಲ್ಲ, ದಾರಿ ಬಿಡುತ್ತೇನೆ. ಆ ರಾತ್ರಿ ಮಂಚ ಮನೆಯಲ್ಲೇ ಇತ್ತು. ಹೊರುವುದು ಯಾರು ಅಂತ ಬಿಟ್ಟುಹೋಗಿದ್ದೆವು.