ಕಾರಿನ ಹೊಟ್ಟೆಯೊಳಗೊಂದು ನೊಗ

ರಜೆಗೆ ಬಂದಿದ್ದ ಮೊಮ್ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಜಪಾನಿನ ಯಾವುದೋ ಗುಡ್ಡದ ರಸ್ತೆ. ಒಂದು ಪುಟ್ಟ ಕಾರು ತಿರುವಿನಲ್ಲಿ ಮೂತಿ ಒಂದು ಕಡೆ, ಬಾಲ ಒಂದು ಕಡೆ ಮಾಡಿಕೊಂಡು, ಟೈರಿನಿಂದ ಹೊಗೆ ಎಬ್ಬಿಸುತ್ತ ಅಡ್ಡಡ್ಡ ಜಾರಿಕೊಂಡು ಹೋಯಿತು. ಇದಕ್ಕೆ ಡ್ರಿಫ್ಟಿಂಗ್ ಎನ್ನುತ್ತಾರಂತೆ.

"ತಾತ, ನೀವು ಹಿಂಗ ಜಾರೋ ಕಾರಿನ್ಯಾಗ ಎಂದಾರ ಕುಂತೀರೇನು?"

"ಕುಂತೀನಪ್ಪ, ಒಂದ್ಸಲ. ನಿಮ್ಮಪ್ಪನೂ ಇದ್ದ, ನನ್ನ ತೊಡಿ ಮ್ಯಾಲ. ಅವಗ ಆಗ ನಾಕು ವರ್ಷ."

ಹುಡುಗ ಮೊಬೈಲು ಕೆಳಗಿಟ್ಟ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1985ರ ಶ್ರಾವಣ. ದೇವದುರ್ಗದಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯ ಮುಗಿಸಿಕೊಂಡು ಬಾಡಿಗೆ ಅಂಬಾಸಿಡರ್‌ನಲ್ಲಿ ರಾಯಚೂರಿಗೆ ಹೊರಟಿದ್ದೆವು. ಹೋಗುವಾಗ ಕಾರಿನಲ್ಲಿ ಎಂಟು ಮಂದಿ. ಬರುವಾಗ ನಾನು, ನನ್ನ ಹೆಂಡತಿ, ಮಗ, ಮೂವರೇ. ಡ್ರೈವರ್ ನಮಗಿಂತ ಹಿರಿಯರು, ಊರಿಗೆಲ್ಲ ಅವರು ಚಾಚಾ. ಸಂಜೆ ಮಳೆ ಬಂದು ನಿಂತಿತ್ತು. ಗಬ್ಬೂರು ದಾಟಿದ ಮೇಲೆ ಒಂದು ಬಲ ತಿರುವು. ಹೊಲದಿಂದ ಬಂದ ಬಂಡಿಗಳು ಡಾಂಬರಿನ ಮೇಲೆ ಎರೆಮಣ್ಣು ಬಳಿದು ಹೋಗಿದ್ದವು. ನಮ್ಮ ಕಡೆಯ ಎರೆಮಣ್ಣು ಒಣಗಿದರೆ ಕಲ್ಲು, ನೆನೆದರೆ ಬೆಣ್ಣೆ. ಚಾಚಾ ತಿರುವಿನ ಮಧ್ಯದಲ್ಲೇ ಗೇರು ಇಳಿಸಿದರು. ಕಾರಿನ ಹಿಂಭಾಗ ಮೆಲ್ಲಗೆ ಎಡಕ್ಕೆ ಹೊರಟಿತು. ಕಿಟಕಿಯಿಂದ ಕಾಣಬೇಕಾದ ಹೊಲ ಮುಂದಿನ ಗಾಜಿನಲ್ಲಿ ಕಂಡಿತು.

"ಅಮ್ಮಾ, ಪಾಪುನ್ನ ಗಟ್ಟಿ ಹಿಡ್ಕೊಳ್ರಿ!" ಎಂದರು ಚಾಚಾ. ಬ್ರೇಕ್ ಮುಟ್ಟಲಿಲ್ಲ. ಕ್ಲಚ್ ಒತ್ತಿ, ಬಾಲ ಹೋದ ಕಡೆಗೇ ಸ್ಟೇರಿಂಗ್ ಬಿಟ್ಟುಕೊಟ್ಟರು. ಬಾಲ ವಾಪಸು ಬಂತು, ಮೀನಿನ ಹಾಗೆ ಇನ್ನೊಂದು ಕಡೆಗೆ ಒಮ್ಮೆ ಬೀಸಿತು, ಮತ್ತೆ ಎಡಕ್ಕೆ ಬಂದು ನಿಂತಿತು. ಎಡ ಹಿಂಚಕ್ರ ರಸ್ತೆ ಬಿಟ್ಟು ಕೆಸರಿನಲ್ಲಿ. ಅದರಾಚೆ ಒಂದು ಆಳು ಆಳದ ತಗ್ಗು. ನಿಮ್ಮಪ್ಪ ಆಗ ಏನು ಮಾಡುತ್ತಿದ್ದ ಎಂದು ಹುಡುಗ ಕೇಳಿದ. ನಿದ್ದೆ.

ಅಂದಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲಿತ್ತು: ಮುಂದಿನ ಚಕ್ರ ಹೇಳಿದ ಮಾತು ಕೇಳಿತು, ಹಿಂದಿನವು ಏಕೆ ಕೇಳಲಿಲ್ಲ? ನಾನು ಓದಿದ್ದು ಬಿಕಾಂ, ಗೀಚಿದ್ದು ಬ್ಯಾಂಕಿನ ಲೆಡ್ಜರು. ಆದರೂ ಮೆಕ್ಯಾನಿಕ್ ಅಂಗಡಿಗಳ ಮುಂದೆ ಕುಳಿತು, ಪುಸ್ತಕ ತಿರುವಿ, ತಿಳಿದುಕೊಂಡದ್ದು ಲೆಕ್ಕವಾಗಿಯೇ ತಲೆಗೆ ಇಳಿಯಿತು.

ಪ್ರತಿ ಟೈರಿಗೂ ಒಂದು ಹಣದ ಚೀಲ ಇದೆ ಎಂದುಕೊಳ್ಳಿ. ಅದರಲ್ಲಿರುವುದು ನೆಲದ ಮೇಲಿನ ಹಿಡಿತ. ಕಾರನ್ನು ಮುಂದೆ ತಳ್ಳಲು, ಬ್ರೇಕ್ ಹಾಕಿ ತಡೆಯಲು, ತಿರುವಿನಲ್ಲಿ ಪಕ್ಕಕ್ಕೆ ಜಾರದಂತೆ ಹಿಡಿಯಲು, ಎಲ್ಲಕ್ಕೂ ಖರ್ಚು ಅದೇ ಚೀಲದಿಂದ. ಚೀಲದಲ್ಲಿ 10 ರೂಪಾಯಿ ಇದ್ದು ತಳ್ಳಲು 6 ಖರ್ಚಾದರೆ ಉಳಿಯುವುದೆಷ್ಟು? ನಮ್ಮ ಬ್ಯಾಂಕಿನಲ್ಲಾದರೆ 4. ಟೈರಿನ ಲೆಕ್ಕದಲ್ಲಿ 8! ಏಕೆಂದರೆ ಮುಂದಕ್ಕೆ ತಳ್ಳುವುದೂ ಪಕ್ಕಕ್ಕೆ ಹಿಡಿಯುವುದೂ ಒಂದಕ್ಕೊಂದು ಲಂಬವಾದ ದಿಕ್ಕುಗಳು. ಹತ್ತನೇ ತರಗತಿಯ ಪೈಥಾಗೊರಸ್ ಪ್ರಮೇಯ ಇಲ್ಲಿ ದುಡಿಯುತ್ತದೆ: 6ರ ವರ್ಗ 36, 8ರ ವರ್ಗ 64, ಕೂಡಿದರೆ 100. ಉದಾರ ಬ್ಯಾಂಕು. ಆದರೆ ಹತ್ತಕ್ಕೆ ಹತ್ತೂ ಒಂದೇ ಕಡೆ ಖರ್ಚು ಮಾಡಿದರೆ ಇನ್ನೊಂದು ಕಡೆಗೆ ಸೊನ್ನೆ.

ಅಂಬಾಸಿಡರ್‌ನಲ್ಲಿ ಇಂಜಿನ್ ಮುಂದಿದ್ದರೂ ಅದರ ಬಲ ಉದ್ದನೆಯ ರಾಡಿನ ಮೂಲಕ ಹಿಂಚಕ್ರಗಳಿಗೆ ಹೋಗುತ್ತದೆ. ಪ್ರೀಮಿಯರ್ ಪದ್ಮಿನಿ, ಜೀಪು, ಲಾರಿ ಎಲ್ಲವೂ ಹಾಗೆಯೇ. ಮುಂದಿನ ಚಕ್ರಕ್ಕೆ ತಿರುಗುವ ಕೆಲಸ, ಹಿಂದಿನದಕ್ಕೆ ತಳ್ಳುವ ಕೆಲಸ. ಒಣ ರಸ್ತೆಯಲ್ಲಿ ಒಳ್ಳೆಯ ಹಂಚಿಕೆ. ಕೆಸರಿನಲ್ಲಿ ಮಾತ್ರ ಚೀಲದ ಹಣವೇ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅಂಥ ಹೊತ್ತಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಹಿಂಚಕ್ರಗಳ ಚೀಲ ಖಾಲಿ. ಥಟ್ಟನೆ ಗೇರು ಇಳಿಸಿದರೂ ಖಾಲಿ, ಏಕೆಂದರೆ ಇಂಜಿನ್ ಹಿಂದಕ್ಕೆ ಎಳೆದು ಹಿಡಿಯುವುದು ಹಿಂಚಕ್ರಗಳನ್ನು ಮಾತ್ರ. ಚಾಚಾ ಮಾಡಿದ ತಪ್ಪು ಅದು. ಕ್ಲಚ್ ಒತ್ತಿದ್ದೇ ಆ ಖರ್ಚು ನಿಂತಿತು, ಇದ್ದಬದ್ದ ಹಿಡಿತವೆಲ್ಲ ಪಕ್ಕಕ್ಕೆ ಹಿಡಿಯಲು ಸಿಕ್ಕಿತು. ಬ್ರೇಕ್ ಒತ್ತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲವೇನೋ.

ಕಾರು ನಿಂತಿತು ಎಂದೆನಲ್ಲ, ಹೊರಡಲಿಲ್ಲ. ಚಾಚಾ ಗೇರು ಹಾಕಿದಾಗಲೆಲ್ಲ ಕೆಸರಿನಲ್ಲಿದ್ದ ಎಡಚಕ್ರ ಗಿರಗಿರನೆ ತಿರುಗಿ ನನ್ನ ಹೊಸ ಪಂಚೆಗೆ ಕಪ್ಪು ಬಣ್ಣ ಬಳಿಯಿತು. ಡಾಂಬರಿನ ಮೇಲೆ ಗಟ್ಟಿಯಾಗಿ ನಿಂತಿದ್ದ ಬಲಚಕ್ರ ಒಂದಿಂಚೂ ಅಲುಗಲಿಲ್ಲ. ಕೆಲಸ ಮಾಡಬಲ್ಲವನು ಸುಮ್ಮನಿದ್ದಾನೆ, ಮಾಡಲಾಗದವನು ಕುಣಿಯುತ್ತಿದ್ದಾನೆ! ಇದು ಡಿಫರೆನ್ಶಿಯಲ್‌ನ ಆಟ.

ಹಿಂದಿನ ಎರಡು ಚಕ್ರಗಳ ನಡುವೆ, ಕಾರಿನ ಹೊಟ್ಟೆಯ ಕೆಳಗೆ, ಕುಂಬಳಕಾಯಿಯಂಥ ಕಬ್ಬಿಣದ ಗುಂಡು ಕಾಣುತ್ತದೆ. ಅದರೊಳಗಿನ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಶಿಯಲ್. ಅದು ಏಕೆ ಬೇಕು? ಎಡ ಬಲ ಚಕ್ರಗಳ ನಡುವಿನ ಅಂತರ 1.4 ಮೀಟರ್ ಎಂದುಕೊಳ್ಳಿ. ಕಾರು ಒಂದು ಪೂರ್ತಿ ಸುತ್ತು ಹಾಕಿದರೆ ಹೊರಚಕ್ರ ಒಳಚಕ್ರಕ್ಕಿಂತ 2 × 22/7 × 1.4, ಅಂದರೆ 8.8 ಮೀಟರ್ ಹೆಚ್ಚು ಓಡಬೇಕು. ಸುತ್ತು ದೊಡ್ಡದಿರಲಿ ಚಿಕ್ಕದಿರಲಿ, ವ್ಯತ್ಯಾಸ ಅಷ್ಟೇ. (ಮಕ್ಕಳೇ, ಏಕೆಂದು ಕಾಗದದ ಮೇಲೆ ಮಾಡಿ ನೋಡಿ.) ಎತ್ತಿನ ಬಂಡಿಗೆ ಈ ತೊಂದರೆಯಿಲ್ಲ, ಅದರ ಗಾಲಿಗಳು ಅಚ್ಚಿನ ಮೇಲೆ ಬೇರೆಬೇರೆಯಾಗಿ ತಿರುಗುತ್ತವೆ. ಕಾರಿನಲ್ಲಿ ಒಂದೇ ಇಂಜಿನ್ ಎರಡೂ ಚಕ್ರ ತಿರುಗಿಸಬೇಕು, ಅವು ಬೇರೆಬೇರೆ ವೇಗದಲ್ಲೂ ತಿರುಗಬೇಕು. ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ಎಂಬಾತ 1827-28ರ ಸುಮಾರಿಗೆ, ಪೆಟ್ರೋಲ್ ಕಾರು ಹುಟ್ಟುವ ಮೊದಲೇ, ಉಗಿಬಂಡಿಗಾಗಿ ಇದಕ್ಕೆ ಉಪಾಯ ಮಾಡಿದ.

ಉಪಾಯ ನಮ್ಮ ನೊಗದ್ದೇ. ನೊಗದ ನಡುವಿಗೆ ನೇಗಿಲು, ಎರಡು ತುದಿಗೆ ಎರಡು ಎತ್ತು. ಒಂದೆತ್ತು ಅರ್ಧ ಹೆಜ್ಜೆ ಮುಂದಾದರೆ ನೊಗ ಓರೆಯಾಗುತ್ತದೆ, ನೇಗಿಲು ಮಾತ್ರ ಇಬ್ಬರ ಸರಾಸರಿಯಲ್ಲಿ ಸಾಗುತ್ತದೆ. ನೊಗ ಎರಡು ತುದಿಗೂ ಸಮನಾದ ಭಾರ ಹಂಚುತ್ತದೆ. ಡಿಫರೆನ್ಶಿಯಲ್‌ನ ನಡುವಿನ ಪುಟ್ಟ ಹಲ್ಲುಚಕ್ರ ಇಂಥದೇ ನೊಗ, ಎಷ್ಟು ಓರೆಯಾದರೂ ಮುಗಿಯದೆ ಸುತ್ತುತ್ತಲೇ ಇರುವ ನೊಗ. ಈಗ ಒಂದೆತ್ತು ಹಗ್ಗ ಬಿಚ್ಚಿಕೊಂಡು ಹೋಯಿತೆನ್ನಿ. ಇನ್ನೊಂದು ಎಷ್ಟೇ ಬಲಶಾಲಿಯಾದರೂ ನೊಗ ಅಡ್ಡ ತಿರುಗುತ್ತದೆ, ನೇಗಿಲು ಕದಲುವುದಿಲ್ಲ. ಕೆಸರಿನ ಚಕ್ರಕ್ಕೆ ಪ್ರತಿರೋಧವೇ ಇಲ್ಲದಿದ್ದಾಗ ಡಾಂಬರಿನ ಚಕ್ರಕ್ಕೂ ಅಷ್ಟೇ ಅತ್ಯಲ್ಪ ಬಲ. ಸರಾಸರಿಯ ಲೆಕ್ಕ ಮಾತ್ರ ಪಕ್ಕಾ: ಆಗ ಸ್ಪೀಡೊಮೀಟರಿನ ಮುಳ್ಳು 40 ತೋರಿಸುತ್ತಿದ್ದರೆ ಬಲಚಕ್ರದ ವೇಗ 0, ಎಡಚಕ್ರದ್ದು 80.

ಚಾಚಾ ಸ್ವಲ್ಪ ಹೊತ್ತು ಬೀಡಿ ಎಳೆದರು. ಹುಲ್ಲು, ಕಲ್ಲು ತಂದು ಚಕ್ರದ ಕೆಳಗೆ ತುರುಕಿದರು. ಆಮೇಲೆ ಹ್ಯಾಂಡ್‌ಬ್ರೇಕನ್ನು ಅರ್ಧ ಎಳೆದು ಹಿಡಿದು ಮೆಲ್ಲಗೆ ಕ್ಲಚ್ ಬಿಟ್ಟರು. ಕಾರು ಎದ್ದು ಬಂತು. ಬ್ರೇಕ್ ಹಾಕಿದರೆ ಕಾರು ಹೊರಡುವುದೇ? ನನಗೆ ಎಷ್ಟೋ ವರ್ಷ ಅದು ಮಾಟದಂತೆಯೇ ಕಂಡಿತ್ತು. ಹ್ಯಾಂಡ್‌ಬ್ರೇಕ್ ಹಿಂಚಕ್ರಗಳಿಗೆ ಮಾತ್ರ. ಕುಣಿಯುವ ಚಕ್ರಕ್ಕೆ ಅದು ಸ್ವಲ್ಪ ಪ್ರತಿರೋಧ ಕೊಟ್ಟಿತು, ಅಂದರೆ ಓಡಿಹೋದ ಎತ್ತನ್ನು ಮತ್ತೆ ನೊಗಕ್ಕೆ ಕಟ್ಟಿದ ಹಾಗೆ. ಡಾಂಬರಿನ ಚಕ್ರಕ್ಕೂ ಪಾಲು ಹೆಚ್ಚಿತು. ಇಂದಿನ ಕಾರುಗಳಲ್ಲಿ ಕಂಪ್ಯೂಟರ್ ತಾನಾಗಿಯೇ ಕುಣಿಯುವ ಚಕ್ರದ ಬ್ರೇಕ್ ಹಿಡಿಯುತ್ತದೆ, ಟ್ರಾಕ್ಷನ್ ಕಂಟ್ರೋಲ್ ಎಂದು ಹೆಸರು. ಚಾಚಾನ ಬೀಡಿಯ ಖರ್ಚು ಉಳಿಯಿತು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿ ಕಡೆಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೆ ಇನ್ನೊಂದು ದಾರಿ ಗೊತ್ತು. ಬಲಗಾಲಿನ ಬಳಿ ಒಂದು ಚಿಕ್ಕ ಪೆಡಲ್ ಇರುತ್ತದೆ, ಡಿಫರೆನ್ಶಿಯಲ್ ಲಾಕ್. ಒತ್ತಿದರೆ ನೊಗ ಬಿಗಿಯಾಗಿ ಎರಡು ಚಕ್ರವೂ ಒಂದೇ ವೇಗದಲ್ಲಿ ತಿರುಗುತ್ತವೆ. ತಿರುಗಿಸುವ ಮೊದಲು ಬಿಡಲೇಬೇಕು, ಇಲ್ಲದಿದ್ದರೆ ಟ್ರ್ಯಾಕ್ಟರ್ ನೆಟ್ಟಗೇ ಹೋಗುತ್ತದೆ.

ಮೊಮ್ಮಗನ ಜಪಾನಿನ ಕಾರಿನ ಗುಟ್ಟೂ ಇಲ್ಲೇ ಇದೆ. ಸಾಧಾರಣ ಡಿಫರೆನ್ಶಿಯಲ್ ಇರುವ ಕಾರಿನಲ್ಲಿ ಒಣ ತಿರುವಿನಲ್ಲಿ ಜೋರು ಮಾಡಿದರೆ, ಹಗುರಾಗಿರುವ ಒಳಚಕ್ರ ಒಂದೇ ತಿರುಗಿ ಬಲವೆಲ್ಲ ವ್ಯರ್ಥವಾಗುತ್ತದೆ. ಹೊರಚಕ್ರ ನೆಲ ಹಿಡಿದುಕೊಂಡೇ ಇರುತ್ತದೆ. ಹೀಗಾಗಿ ಬೇಕೆಂದರೂ ಬಹಳ ಹೊತ್ತು ಜಾರಲಾಗದು. ಡ್ರಿಫ್ಟ್ ಮಾಡುವವರು ಎರಡು ಚಕ್ರಗಳ ವೇಗ ಬಹಳ ಬೇರೆಯಾಗದಂತೆ ತಡೆಯುವ ಡಿಫರೆನ್ಶಿಯಲ್ ಹಾಕಿಸುತ್ತಾರೆ, ಕೆಲವರು ವೆಲ್ಡಿಂಗ್ ಮಾಡಿಸಿ ಪೂರ್ತಿ ಬಿಗಿಸಿಬಿಡುತ್ತಾರೆ. ಎರಡೂ ಚಕ್ರ ಒಟ್ಟಿಗೆ ಹಿಡಿತ ಬಿಟ್ಟಾಗ ಬಾಲ ಹೊರಗೆ ಹೋಗುತ್ತದೆ, ಹೋಗಿ ಅಲ್ಲೇ ಇರುತ್ತದೆ. ಈ ಆಟಕ್ಕೆ ಹೆಸರಾದ ಕೇಯಿಚಿ ತ್ಸುಚಿಯಾ ಓಡಿಸುತ್ತಿದ್ದದ್ದು 1983ರಲ್ಲಿ ಬಂದ ಟೊಯೊಟಾದ ಎಇ86, ನಮ್ಮ ಅಂಬಾಸಿಡರ್ ಹಾಗೆ ಹಿಂಚಕ್ರ ತಳ್ಳುವ ಕಾರು. ಅವರು ಹೊಗೆ ಎಬ್ಬಿಸುವುದು ಈಗ ಮುಚ್ಚಿದ ಮೈದಾನದಲ್ಲಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು. ದೇವದುರ್ಗದ ರಸ್ತೆಯಲ್ಲಲ್ಲ ಎಂದು ಹುಡುಗನಿಗೆ ಎರಡು ಸಲ ಹೇಳಿದ್ದೇನೆ.

ಇನ್ನು ಸ್ಪ್ರಿಂಗಿನ ವಿಷಯ. ಇದು ಡಿಫರೆನ್ಶಿಯಲ್‌ಗಿಂತ ಹೆಚ್ಚು ಜನರಿಗೆ ಗೊತ್ತಾಗಬೇಕಾದದ್ದು ಎಂದು ನನ್ನ ಅಭಿಪ್ರಾಯ.

ಅಂಬಾಸಿಡರ್‌ನ ಹಿಂಭಾಗ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ ನಿಂತಿರುತ್ತದೆ. ಮಂದಿ ತುಂಬಿದಾಗ ಹಿಂದೆ ಕುಸಿಯಬಾರದೆಂದು ಬಾಡಿಗೆಯವರು ಒಂದೆರಡು ಪಟ್ಟಿ ಹೆಚ್ಚಿಗೆ ಹಾಕಿಸುತ್ತಿದ್ದರು. ಚಾಚಾನೂ ಹಾಕಿಸಿದ್ದರು. ಎಂಟು ಮಂದಿ ಕುಳಿತಾಗ ಸರಿ. ಮೂವರಿದ್ದಾಗ ಹಿಂಭಾಗ ಎತ್ತರಕ್ಕೆ ನಿಂತು ಬಿರುಸಾಗಿತ್ತು.

ಬಿರುಸಾದರೆ ಏನು? ತಿರುವಿನಲ್ಲಿ ಭಾರ ಒಳಚಕ್ರದಿಂದ ಹೊರಚಕ್ರಕ್ಕೆ ಸರಿಯುತ್ತದೆ. ಮುಂದಿನ ಜೋಡಿ, ಹಿಂದಿನ ಜೋಡಿ ಇವೆರಡರಲ್ಲಿ ಯಾವುದರ ಸ್ಪ್ರಿಂಗ್ ಬಿರುಸೋ ಅಲ್ಲಿ ಹೆಚ್ಚು ಸರಿಯುತ್ತದೆ. ಟೈರಿನ ಚೀಲಕ್ಕೊಂದು ಕೆಟ್ಟ ಗುಣವಿದೆ: ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ. ಹೊರಚಕ್ರಕ್ಕೆ ಬಂದ ಲಾಭ ಒಳಚಕ್ರದ ನಷ್ಟವನ್ನು ತುಂಬುವುದಿಲ್ಲ. ಹೀಗೆ ಬಿರುಸಾದ ಜೋಡಿ ಮೊದಲು ಜಾರುತ್ತದೆ. ಚಾಚಾನ ಕಾರಿನಲ್ಲಿ ಅದು ಹಿಂದಿನದು.

ಎತ್ತರದ ಪರಿಣಾಮ ಇನ್ನೂ ಸೂಕ್ಷ್ಮ. ಪಟ್ಟಿಯ ಮುಂದಿನ ತುದಿ ಕಾರಿನ ಮೈಗೆ ಒಂದು ಕೀಲಿನಲ್ಲಿ ಸೇರಿರುತ್ತದೆ. ಮೈ ವಾಲಿದಾಗ ಅಚ್ಚು ಆ ಕೀಲಿನ ಸುತ್ತ ಬಾಗಿಲಿನಂತೆ ಆಡುತ್ತದೆ. ಕೀಲು ಅಚ್ಚಿಗಿಂತ ಕೆಳಗಿದ್ದರೆ ಹೊರಚಕ್ರ ಕೂದಲೆಳೆಯಷ್ಟು ಮುಂದೆ ಸರಿದು, ಹಿಂದಿನ ಜೋಡಿ ತಿರುವಿನ ಒಳಕ್ಕೇ ಮುಖ ಮಾಡಿ ಕಾರನ್ನು ಕಾಯುತ್ತದೆ. ಕಾರಿನ ಹಿಂಭಾಗ ಎತ್ತಿದರೆ ಕೀಲೂ ಮೇಲೇರುತ್ತದೆ, ಆ ಕಾವಲು ಕಡಿಮೆಯಾಗುತ್ತದೆ. ಹೆಚ್ಚು ಏರಿದರೆ ಉಲ್ಟಾ, ಹಿಂದಿನ ಜೋಡಿ ಹೊರಕ್ಕೆ ಮುಖ ಮಾಡುತ್ತದೆ. ಡ್ರೈವರ್ ಮುಟ್ಟದ ಇನ್ನೊಂದು ಸ್ಟೇರಿಂಗ್ ಹಿಂದೆ ಇದ್ದಂತೆ! ಹಿಂಭಾಗ ಎತ್ತರಿಸಿಕೊಂಡು ಮೆರೆಯುವ ಜೀಪುಗಳನ್ನು ಕಂಡಾಗ ನನಗೆ ಇದೇ ನೆನಪಾಗುತ್ತದೆ.

ಬಾಲ ಎರಡನೆಯ ಸಲ ಬೀಸಿದ್ದಕ್ಕೂ ಸ್ಪ್ರಿಂಗಿನ ಕೈವಾಡವಿತ್ತು. ಒಂದು ಕಡೆ ಅದುಮಿದ್ದ ಸ್ಪ್ರಿಂಗ್ ಸಡಿಲವಾದಾಗ ಮೈಯನ್ನು ಇನ್ನೊಂದು ಕಡೆಗೆ ಎಸೆಯುತ್ತದೆ. ಮೊದಲ ಜಾರಿಕೆಯಲ್ಲಿ ಬಚಾವಾದವರು ಎರಡನೆಯದರಲ್ಲಿ ಹಳ್ಳಕ್ಕೆ ಬೀಳುವುದು ಇದರಿಂದ. ಚಾಚಾ ಸ್ಟೇರಿಂಗನ್ನು ಎಷ್ಟು ಬೇಗ ಬಿಟ್ಟುಕೊಟ್ಟರೋ ಅಷ್ಟೇ ಬೇಗ ನೆಟ್ಟಗೆ ಮಾಡಿದ್ದರು. "ನಾ ಏನ್ ಮಾಡ್ಲಿಲ್ಲ ಸಾಹೇಬ್ರ, ಅದಾ ತಿರುಗ್ತು" ಎಂದರು ಆಮೇಲೆ. ವಿನಯವೆಂದುಕೊಂಡಿದ್ದೆ, ಮುಕ್ಕಾಲು ಪಾಲು ನಿಜವೇ. ನಿಮ್ಮ ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿದೆಯಲ್ಲ, ಕಾರಿನ ಮುಂಚಕ್ರವೂ ಅಂಥದೇ ಓರೆ ಕಂಬದ ಸುತ್ತ ತಿರುಗುತ್ತದೆ. ಕಾರು ಎತ್ತ ಸಾಗುತ್ತಿದೆಯೋ ಅತ್ತ ಮುಂಚಕ್ರ ತಾನಾಗಿ ತಿರುಗಲು ನೋಡುತ್ತದೆ. ಗಾಬರಿಯಲ್ಲಿ ಸ್ಟೇರಿಂಗ್ ಬಿಗಿಯಾಗಿ ಅಮುಕಿದವರು ಅದಕ್ಕೆ ಅಡ್ಡ ಬರುತ್ತಾರೆ.

1983ರ ಕೊನೆಯಲ್ಲಿ ಮಾರುತಿ 800 ಬಂತು, ಮುಂಚಕ್ರವೇ ಎಳೆಯುವ ಕಾರು. ಈಗ ಮನೆಬಳಕೆಯ ಹೆಚ್ಚಿನ ಕಾರುಗಳು ಅಂಥವೇ. ಅಂಬಾಸಿಡರ್ 2014ರಲ್ಲಿ ನಿಂತಿತು. ಬಿಡದಿಯಲ್ಲಿ ಹುಟ್ಟಿದ ಕ್ವಾಲಿಸ್, 2005ರ ಇನ್ನೋವಾ ಹಿಂಚಕ್ರದವೇ ಆಗಿದ್ದವು. ಇನ್ನೋವಾದ ಹೈಕ್ರಾಸ್ ಮುಂಚಕ್ರಕ್ಕೆ ಬದಲಾಯಿತು. ಆದರೆ ಲಾರಿ, ಟ್ರ್ಯಾಕ್ಟರ್, ನಮ್ಮ ಊರಿನ ಆಟೊ ಇನ್ನೂ ಹಿಂದಿನಿಂದಲೇ ತಳ್ಳುತ್ತವೆ.

ಇಷ್ಟು ಹೇಳಿದರೂ ಹುಡುಗನಿಗೆ ನೊಗದ ಮಾತು ಪೂರ್ತಿ ನಂಬಿಕೆಯಾಗಲಿಲ್ಲ. ಮರುದಿನ ಯರಗೇರಾದ ಬಸ್‌ ನಿಲ್ದಾಣದ ಕಡೆ ಕರೆದುಕೊಂಡು ಹೋದೆ. ಮೆಕ್ಯಾನಿಕ್ ಒಂದು ಆಟೊದ ಹಿಂಭಾಗವನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದ್ದ, ಎರಡೂ ಚಕ್ರ ಗಾಳಿಯಲ್ಲಿ. ಗೇರಿನಲ್ಲಿಡಲು ಹೇಳಿ, "ಈ ಚಕ್ರ ಮುಂದಕ ತಿರುಗ್ಸು" ಎಂದೆ. ತಿರುಗಿಸಿದ. ಆ ಕಡೆಯ ಚಕ್ರ ಹಿಂದಕ್ಕೆ ತಿರುಗಿತು. ಅವನು ಓಡಿ ಹೋಗಿ ಆ ಕಡೆಯದನ್ನು ತಿರುಗಿಸಿದ, ಈ ಕಡೆಯದು ಹಿಂದಕ್ಕೆ ಬಂತು. ಇಂಜಿನ್ನಿನ ಲೆಕ್ಕ ಸೊನ್ನೆ, ಒಂದಕ್ಕೆ ಜಮಾ ಆದದ್ದು ಇನ್ನೊಂದಕ್ಕೆ ಖರ್ಚು. ನನಗೆ ಚಹಾ ಬಂತು, ಕುಡಿದದ್ದೂ ಆಯಿತು. ಹುಡುಗ ಇನ್ನೂ ಆ ಕಡೆ ಈ ಕಡೆ ಓಡುತ್ತಲೇ ಇದ್ದ.