ಹಳೆಯ ಸರ್ವರಿನ ರೇಡ್ ಕಾರ್ಡು ಕೆಟ್ಟಾಗ



ವೈದ್ಯರಾದ ನಾವು ಯಂತ್ರದ ವಿಷಯವನ್ನು ಏಕೆ ಎತ್ತಿಕೊಂಡೆವೆಂದು ತಮಗೆ ಅನಿಸಬಹುದು. ರೋಗಿಯ ಪೂರ್ವಚರಿತ್ರೆ ಇಂದು ಗಣಕಯಂತ್ರದಲ್ಲಿ ಅಡಗಿದೆ ಎಂಬುದೇ ಅದಕ್ಕೆ ಉತ್ತರ. ಶ್ವಾಸಕೋಶದಲ್ಲಿ ಒಂದು ಗಟ್ಟಿ ಚುಕ್ಕೆ ಕಂಡಿತೆನ್ನಿ. ಎರಡು ವರ್ಷಗಳ ಹಿಂದಿನ ಚಿತ್ರದಲ್ಲಿಯೂ ಅದು ಅಷ್ಟೇ ಗಾತ್ರದಲ್ಲಿದ್ದರೆ ಬಹುಮಟ್ಟಿಗೆ ಚಿಂತೆಯಿಲ್ಲ. ಹಳೆಯ ಚಿತ್ರವೇ ಸಿಗದಿದ್ದರೆ ಸೂಜಿ, ಶಸ್ತ್ರಗಳ ಮಾತು ಬರಬಹುದು. ಖತೀಫಿನಂಥ ಕಡಲಂಚಿನ ಖರ್ಜೂರದ ನಾಡಿನಲ್ಲಿ ಬೇಸಗೆಯ ಕಾವು, ಉಪ್ಪು ಬೆರೆತ ತೇವ, ಮರಳಿನ ದೂಳು ಈ ಮೂರೂ ಯಂತ್ರಗಳಿಗೆ ಶತ್ರುಗಳೆಂಬುದನ್ನು ನಾವೆಲ್ಲ ಬಲ್ಲೆವು.

ಅನೇಕ ಡಿಸ್ಕುಗಳನ್ನು ಒಂದಾಗಿ ದುಡಿಸುವ ವ್ಯವಸ್ಥೆಗೆ 'ರೇಡ್' ಎಂದು ಹೆಸರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರ ಪ್ರಬಂಧದಲ್ಲಿ ಈ ಹೆಸರನ್ನು ಪ್ರಸಿದ್ಧಿಗೆ ತಂದರು. ಇದರ ತತ್ತ್ವ ಅಂಗಡಿಯ ಲೆಕ್ಕದಷ್ಟೇ ಸರಳ. ಮೂರು ಡಿಸ್ಕುಗಳಲ್ಲಿ 7, 5, 9 ಎಂಬ ಅಂಕಿಗಳಿದ್ದು ನಾಲ್ಕನೆಯದರಲ್ಲಿ ಮೊತ್ತವಾದ 21 ಇದೆಯೆನ್ನಿ. 5 ಅಳಿಸಿಹೋದರೂ 21ರಿಂದ 7 ಮತ್ತು 9ನ್ನು ಕಳೆದರೆ ಅದು ಮರಳಿ ದೊರೆಯುತ್ತದೆ. ಯಂತ್ರವು ಕೂಡುವುದರ ಬದಲು ಸರಿ-ಬೆಸವನ್ನು ನೋಡುತ್ತದೆ; 'ರೇಡ್ 5' ಎಂಬ ಪದ್ಧತಿಯಲ್ಲಿ ಆ ತಾಳೆಯ ಅಂಕಿಯನ್ನು ಎಲ್ಲ ಡಿಸ್ಕುಗಳಿಗೂ ಸರದಿಯಂತೆ ಹಂಚುತ್ತದೆ. ಈ ಪದ್ಧತಿ ಒಂದು ಡಿಸ್ಕಿನ ನಷ್ಟವನ್ನು ತಾಳಬಲ್ಲದು, ಎರಡರದನ್ನಲ್ಲ.

ಈ ಲೆಕ್ಕವನ್ನು ನಡೆಸುವ ಕರಣಿಕನೇ ನಿಯಂತ್ರಕ ಕಾರ್ಡು. ಕರಣಿಕನು ಕಣ್ಮುಚ್ಚಿದರೆ ಕಡತಗಳೂ ಹೋದವೆಂದು ಜನ ಗಾಬರಿಗೊಳ್ಳುತ್ತಾರೆ. ಆದರೆ ಹೆಚ್ಚಿನ ಕಾರ್ಡುಗಳು ಡಿಸ್ಕುಗಳ ಜೋಡಣೆಯ ವಿವರವನ್ನು ಆ ಡಿಸ್ಕುಗಳಲ್ಲಿಯೇ ಬರೆದಿಟ್ಟಿರುತ್ತವೆ. ಆದಕಾರಣ ಅದೇ ತಯಾರಕರ, ಅದೇ ಕುಲದ ಮತ್ತೊಂದು ಕಾರ್ಡು ಅದನ್ನು ಓದಿಕೊಳ್ಳಬಲ್ಲದು. ಬೇರೆ ತಯಾರಕರ ಕಾರ್ಡಿಗೆ ಆ ಲಿಪಿ ಸಾಮಾನ್ಯವಾಗಿ ತಿಳಿಯದು.

ಚಿಕಿತ್ಸೆಗಿಂತ ಮೊದಲು ನಿದಾನವಾಗಬೇಕು. ಐದು ಬೆರಳುಗಳೂ ಒಮ್ಮೆಲೇ ಮರಗಟ್ಟಿದರೆ ವೈದ್ಯನು ಬೆರಳುಗಳನ್ನು ದೂರದೆ ನರವನ್ನು ಪರೀಕ್ಷಿಸುತ್ತಾನೆ. ಅಂತೆಯೇ ಎಲ್ಲ ಡಿಸ್ಕುಗಳೂ ಒಟ್ಟಿಗೆ ಕಾಣದಾದರೆ ಕಾರ್ಡು, ಕೇಬಲು ಅಥವಾ ವಿದ್ಯುತ್ ಪೂರೈಕೆಯನ್ನು ಶಂಕಿಸಬೇಕು. ಯಂತ್ರವು ಬರಿಯ ನಿಧಾನಗೊಂಡಿದ್ದರೆ ಕಾರ್ಡಿನ ಬ್ಯಾಟರಿಯಷ್ಟೇ ಮುಗಿದಿರಬಹುದು. ಬ್ಯಾಟರಿಯ ಆಸರೆಯಿಲ್ಲದಾಗ ಕಾರ್ಡು ತನ್ನ ಸ್ಮೃತಿಯನ್ನು ನಂಬದೆ ಪ್ರತಿಯೊಂದನ್ನೂ ನೇರವಾಗಿ ಡಿಸ್ಕಿಗೆ ಬರೆಯತೊಡಗುತ್ತದೆ.

ಕಾರ್ಡೇ ಕೆಟ್ಟಿದೆಯೆಂದು ಖಚಿತವಾದ ಮೇಲೆ ಕ್ರಮವಿದು. ಯಂತ್ರವನ್ನು ಆರಿಸಿ ವಿದ್ಯುತ್ ತಂತಿಗಳನ್ನು ಕಳಚಬೇಕು. ಪ್ರತಿ ಡಿಸ್ಕಿಗೂ ಕೇಬಲಿಗೂ ಅದರ ಸ್ಥಾನದ ಸಂಖ್ಯೆಯನ್ನು ಬರೆದು ಅಂಟಿಸಬೇಕು. ಹವಾನಿಯಂತ್ರಿತ ಕೋಣೆಯ ಒಣ ಗಾಳಿಯಲ್ಲಿ ಮೈಮೇಲೆ ಸ್ಥಿರವಿದ್ಯುತ್ತು ಶೇಖರವಾಗುವುದರಿಂದ ಮಣಿಕಟ್ಟಿನ ಪಟ್ಟಿಯನ್ನು ಧರಿಸಬೇಕು. ಹಳೆಯ ಕಾರ್ಡಿನ ಮಾದರಿಯನ್ನು ಗುರುತಿಟ್ಟುಕೊಂಡು, ಅದರ ಒಳತಂತ್ರಾಂಶಕ್ಕೆ ಸಮನಾದ ಅಥವಾ ಅದಕ್ಕಿಂತ ಹೊಸದಾದ ಆವೃತ್ತಿಯಿರುವ ಕಾರ್ಡನ್ನು ತರಬೇಕು. ಕೆಲವು ಹಳೆಯ ಕಾರ್ಡುಗಳಲ್ಲಿ ಸ್ಮೃತಿಫಲಕವನ್ನು ಬ್ಯಾಟರಿಯ ಸಮೇತ ಹೊಸ ಕಾರ್ಡಿಗೆ ವರ್ಗಾಯಿಸಬಹುದು. ಡಿಸ್ಕಿಗೆ ಇನ್ನೂ ಬರೆಯದ ಮಾಹಿತಿ ಅದರಲ್ಲಿ ಉಳಿದಿರಬಹುದಾದ್ದರಿಂದ, ಬ್ಯಾಟರಿಯ ಶಕ್ತಿ ಕುಂದುವ ಮೊದಲೇ ಈ ಕೆಲಸವಾಗಬೇಕು. ಬಳಸಿದ ಕಾರ್ಡನ್ನು ಕೊಂಡಿದ್ದರೆ, ಡಿಸ್ಕುಗಳನ್ನು ಜೋಡಿಸುವ ಮೊದಲೇ ಅದರ ಹಳೆಯ ನೆನಪುಗಳನ್ನು ಅಳಿಸಬೇಕು.

ಹೊಸ ಕಾರ್ಡು ಎಚ್ಚರಗೊಂಡೊಡನೆ 'ಅನ್ಯ ಜೋಡಣೆಯೊಂದು ಕಂಡಿದೆ' ಎಂಬರ್ಥದ ಸಂದೇಶ ಸಾಮಾನ್ಯವಾಗಿ ಮೂಡುತ್ತದೆ. ಅಪಾಯದ ಗಳಿಗೆ ಇದೇ. 'ಇಂಪೋರ್ಟ್' ಎಂದರೆ ಇದ್ದುದನ್ನು ಸ್ವೀಕರಿಸು ಎಂದರ್ಥ. 'ಕ್ಲಿಯರ್' ಎಂದರೆ ಜೋಡಣೆಯ ವಿವರವನ್ನು ಅಳಿಸು ಎಂದರ್ಥ. ಅದರ ಮೇಲೆ ಹೊಸ ಜೋಡಣೆಯನ್ನು ರಚಿಸಿ 'ಇನಿಷಿಯಲೈಸ್' ಎಂದು ಅಪ್ಪಣೆಯಿತ್ತರೆ ಮಾಹಿತಿಯ ಮೇಲೆಯೇ ಸೊನ್ನೆಗಳು ಬೀಳುತ್ತವೆ. ಸಂದೇಹವಿದ್ದಲ್ಲಿ ಯಂತ್ರವನ್ನು ಆರಿಸಿ ಬಲ್ಲವರನ್ನು ಕೇಳುವುದೇ ವಿವೇಕ. ಮೊದಲೇ ಗುಂಪಿನಿಂದ ಹೊರಬಿದ್ದಿದ್ದ ಡಿಸ್ಕನ್ನು ಬಲವಂತವಾಗಿ ಸೇರಿಸಕೂಡದು. ಅದರಲ್ಲಿರುವುದು ಹಳಸಿದ ಲೆಕ್ಕ. ಎಲ್ಲವೂ ಮರಳಿ ಕಂಡಾಗ ಮೊದಲು ಪ್ರತಿಯೊಂದನ್ನು ತೆಗೆದಿಟ್ಟು, ಬಳಿಕ ತಾಳೆಯ ಪರೀಕ್ಷೆಯನ್ನು ನಡೆಸಬೇಕು.

ರೇಡ್ ಎಂಬುದು ನಕಲು ಪ್ರತಿಯಲ್ಲ. ಡಿಸ್ಕು ಕೆಟ್ಟರೆ ಅದು ಕಾಯುತ್ತದೆ. ಕೈತಪ್ಪಿ ಅಳಿಸಿದ ಕಡತವನ್ನಾಗಲಿ, ಬೆಂಕಿ ಅಥವಾ ಕಳ್ಳರ ಪಾಲಾದುದನ್ನಾಗಲಿ ಅದು ಮರಳಿಸಲಾರದು. ಊರಿನ ಮದುವೆ-ಮುಂಜಿಗಳ ಚಿತ್ರಗಳನ್ನೂ ಅಗಲಿದ ಹಿರಿಯರ ಧ್ವನಿಯನ್ನೂ ಮನೆಯ ಒಂದೇ ಪೆಟ್ಟಿಗೆಯಲ್ಲಿಟ್ಟು ನೆಚ್ಚಿ ಕುಳಿತ ಕುಟುಂಬಗಳು ನಮ್ಮಲ್ಲಿಯೂ ಇವೆ. ಅದರ ಒಂದು ಪ್ರತಿ ಈ ವಾರವೇ ಬೇರೊಂದು ಡಿಸ್ಕಿಗೆ ಇಳಿಯಲಿ, ಆ ಡಿಸ್ಕು ಬೇರೊಂದು ಮನೆಯಲ್ಲಿರಲಿ ಎಂಬುದೇ ನಮ್ಮ ವಿನಂತಿ.